ಬಾಯ್ಲರ್ ಮಣ್ಣು ಮತ್ತು ಅಕ್ಕನ ಮಂಡಕ್ಕಿ

ನಮ್ಮ ಬಟ್ಟೆ ಗಿರಣಿಯ ಬಾಯ್ಲರ್ ವರ್ಷಕ್ಕೊಮ್ಮೆ ಅಂಗಿ ಬದಲಿಸುತ್ತಿತ್ತು. ಇನ್‌ಸ್ಪೆಕ್ಟರು ಬಂದು ಅದರ ಮೈಮೇಲಿನ ಒಂದೊಂದು ರಿವೆಟ್ಟನ್ನೂ ಸುತ್ತಿಗೆಯಿಂದ ತಟ್ಟಿ ನೋಡಬೇಕಲ್ಲ, ಅದಕ್ಕಾಗಿ ಮೇಲೆ ಮೆತ್ತಿದ್ದ ಬಿಳಿ ಗಿಲಾವನ್ನೆಲ್ಲ ಕೆತ್ತಿ ತೆಗೆಯಬೇಕು, ಪರೀಕ್ಷೆ ಮುಗಿದ ಮೇಲೆ ಮತ್ತೆ ಹೊಸದಾಗಿ ಮೆತ್ತಬೇಕು. ಉಗಿಯ ಶಾಖ ಹೊರಗೆ ಸೋರಿ ಪೋಲಾಗದಿರಲಿ ಎಂದು ಹಾಕುವ ಗಿಲಾವು ಅದು, ಕಲ್ನಾರಿನ ಪುಡಿಯನ್ನು ನೀರಲ್ಲಿ ಕಲಸಿ ಮಾಡಿದ್ದು. ಚೀಲದ ಮೇಲೆ ಆಸ್ಬೆಸ್ಟಾಸ್ ಎಂದು ದೊಡ್ಡದಾಗಿ ಬರೆದಿರುತ್ತಿತ್ತು. ಆದರೆ ಆಗಿನ ದಾವಣಗೆರೆಯಲ್ಲಿ ಆ ಹೆಸರು ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯ್ಲರ್ ಮಣ್ಣು ಎನ್ನಬೇಕು. ಹಾಗೆಂದರೆ ಸಾಕು, ನಮ್ಮ ಓಣಿಯ ಹೆಂಗಸರ ಕಿವಿಗಳು ನೆಟ್ಟಗಾಗುತ್ತಿದ್ದವು.

ಕಾರಣ ಒಲೆ. ಬಾಯ್ಲರ್ ಮಣ್ಣು ಮೆತ್ತಿದ ಒಲೆ ಬಿರುಕು ಬಿಡುವುದಿಲ್ಲ, ಕಾವು ಹಿಡಿದಿಟ್ಟುಕೊಳ್ಳುತ್ತದೆ, ಅರ್ಧ ಸೌದೆಯಲ್ಲಿ ಅಡುಗೆ ಮುಗಿಯುತ್ತದೆ. ಹೀಗಾಗಿ ಅರವತ್ತರ ದಶಕದ ಆ ವರ್ಷಗಳಲ್ಲಿ ಗಿರಣಿ ನಿಲ್ಲಿಸಿದ ದಿನ ಗೇಟಿನ ಹೊರಗೆ ಬುಟ್ಟಿ ಹಿಡಿದ ಹೆಂಗಸರ ಸಾಲು ನಿಲ್ಲುತ್ತಿತ್ತು. ಕೆತ್ತಿ ತೆಗೆದ ಹಳೆಯ ಹೆಂಟೆಗಳನ್ನು ನಾವು ಸಲಿಕೆಯಲ್ಲಿ ಅವರ ಬುಟ್ಟಿಗೆ ಹಾಕುತ್ತಿದ್ದೆವು. ಅವರು ಮನೆಗೆ ಒಯ್ದು ಒರಳಲ್ಲಿ ಕುಟ್ಟಿ, ಜರಡಿ ಹಿಡಿದು, ಕೆಮ್ಮಣ್ಣು ಬೆರೆಸಿ ಒಲೆಗೆ ಮೆತ್ತುತ್ತಿದ್ದರು. ಕಸ ಖಾಲಿಯಾಯಿತೆಂದು ಗಿರಣಿಯವರಿಗೂ ಖುಷಿ. ಬಾಯ್ಲರ್ ಮನೆಯ ಚಾರ್ಜ್‌ಮನ್ ಆಗಿದ್ದ ನನಗಂತೂ ಆ ದಿನ ಮದುವೆ ಗಂಡಿನ ಮರ್ಯಾದೆ. ಸಾಲಿನಲ್ಲಿ ಯಾರೇ ನಿಂತಿರಲಿ, ಮೊದಲ ಬುಟ್ಟಿ ಮಾತ್ರ ನನ್ನ ತಲೆಯ ಮೇಲೇರಿ ನೇರ ಅಕ್ಕನ ಮನೆಗೆ ಹೋಗಬೇಕು. ಅದು ನಮ್ಮ ಪದ್ಧತಿ.

ಅಕ್ಕ ಎಂದರೆ ನನ್ನ ಸ್ವಂತ ಅಕ್ಕ, ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ಅವಳದು ಮಂಡಕ್ಕಿ ಭಟ್ಟಿ. ಭತ್ತದ ಹೊಟ್ಟಿನ ಉರಿಯ ಮೇಲೆ ಮರಳು ಕಾಯಿಸಿ, ಅದಕ್ಕೆ ಅಕ್ಕಿ ಸುರಿದು ಚಟಪಟ ಅರಳಿಸುವ ದೊಡ್ಡ ಒಲೆ. ಭಟ್ಟಿಯ ಬಾಯಿಗೆ ವರ್ಷವಿಡೀ ಗಿಲಾವು ಮೆತ್ತುತ್ತಲೇ ಇರಬೇಕು, ಆದ್ದರಿಂದ ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಾಯ್ಲರ್ ಮಣ್ಣು ಕುಟ್ಟುವವಳು ಅವಳೇ. ಬಾಯಿ ಬೆಂಕಿ, ಕೈ ಚೊಕ್ಕ. ರಾಶಿಯಲ್ಲಿ ಒಂದು ಕರಿ ಕಾಳು ಕಂಡರೂ ಆರಿಸಿ ಎಸೆಯುವ ತನಕ ಅವಳಿಗೆ ಸಮಾಧಾನವಿಲ್ಲ. ಮಂಡಕ್ಕಿ ರಾಶಿಯ ಹತ್ತಿರ ಯಾರಾದರೂ ಸೀನಿದರೆ ಅವರ ಏಳು ತಲೆಮಾರಿಗೆ ಮಂಗಳಾರತಿ ಎತ್ತುತ್ತಿದ್ದಳು.

ಕಥೆ ಶುರುವಾದದ್ದು ನಮ್ಮ ಗಿಲಾವು ಮೇಸ್ತ್ರಿಯ ಕೆಮ್ಮಿನಿಂದ. ಬಾಯ್ಲರಿಗೆ ಅಂಗಿ ತೊಡಿಸುವ ಕೆಲಸದಲ್ಲಿ ಅವನ ಕೈ ಇಲ್ಲದೆ ಏನೂ ನಡೆಯುತ್ತಿರಲಿಲ್ಲ. ಕೆಲವು ವರ್ಷಗಳಿಂದ ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಕ್ಷಯವೆಂದು ಸೂಜಿ ಚುಚ್ಚಿಸಿಕೊಂಡದ್ದಾಯಿತು, ಉಕ್ಕಡಗಾತ್ರಿಯ ಗುಡಿಗೆ ಹೋಗಿ ಬಂದದ್ದೂ ಆಯಿತು, ಕೆಮ್ಮು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಹರಿಹರದ ಒಂದು ಕಾರ್ಖಾನೆಗೆ ಮುಂಬಯಿಯಿಂದ ಹೊಸ ಡಾಕ್ಟರು ಬಂದಿದ್ದಾರೆ, ಎದೆ ನೋಡುವುದರಲ್ಲಿ ಗಟ್ಟಿಗರು ಎಂದು ಯಾರೋ ಹೇಳಿದರು. ಬಾಯ್ಲರ್ ನಿಲ್ಲಿಸಲು ಇನ್ನೂ ಸ್ವಲ್ಪ ದಿನವಿತ್ತು. ಒಂದು ಬೆಳಿಗ್ಗೆ ಮೇಸ್ತ್ರಿಯನ್ನು ರೈಲು ಹತ್ತಿಸಿಕೊಂಡು ಹರಿಹರಕ್ಕೆ ಹೋದೆ.

ಡಾಕ್ಟರು ಕೆಮ್ಮಿನ ವಿಷಯ ಕೇಳಲೇ ಇಲ್ಲ. "ಏನು ಕೆಲಸ ಮಾಡ್ತೀರಿ?" ಎಂದರು. ಮೇಸ್ತ್ರಿ ಹೇಳಿದ. ಅವರು ಅವನ ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು, ಬೆರಳ ತುದಿಗಳನ್ನು ತಿರುಗಿಸಿ ನೋಡಿದರು. ತುದಿಗಳು ದುಂಡಗೆ ಊದಿಕೊಂಡಿದ್ದವು. ನಾನು ಅದನ್ನು ಅಷ್ಟು ದಿನ ಕೆಲಸಗಾರನ ಕೈ ಎಂದುಕೊಂಡಿದ್ದೆ.

"ಇದು ಕ್ಷಯ ಅಲ್ಲ. ನೀವು ಮೆತ್ತೋದು ಪುಡಿ ಅಲ್ಲ, ನಾರು. ಒಡೆದಷ್ಟೂ ಸಣ್ಣದಾಗಿ ಸೀಳುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ಉಸಿರಿನ ಜೊತೆ ಒಳಗೆ ಹೋಗುತ್ತೆ. ಹೋದದ್ದು ಹೊರಗೆ ಬರೋದಿಲ್ಲ. ಬೆಂಕಿಗೇ ಜಗ್ಗದ ವಸ್ತು ನಿಮ್ಮ ಎದೆಗೆ ಜಗ್ಗುತ್ತಾ?"

"ಹಂಗಾದ್ರೆ ನನ್ನ ಎದಿ ಬಾಯ್ಲರ್ ಆತು ಅನ್ರಿ ಸಾಹೇಬ್ರೇ. ಇನ್ನ ಇನ್‌ಸ್ಪೆಕ್ಟ್ರಿಗೆ ತೋರಿಸಿ ಸರ್ಟಿಫಿಕೇಟ್ ತಗಾಬೇಕು," ಎಂದ ಮೇಸ್ತ್ರಿ. ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. ಆದರೆ ನಗುತ್ತಲೇ ಕಡ್ಡಿ ಮುರಿದಂತೆ ಹೇಳಿದರು. ಒಳಗೆ ಸೇರಿದ್ದನ್ನು ತೆಗೆಯುವ ಔಷಧಿ ಇಲ್ಲ. ಮೇಸ್ತ್ರಿ ಇನ್ನು ಆ ಪುಡಿಯ ಹತ್ತಿರ ಸುಳಿಯಬಾರದು. ಉಳಿದವರು ಒಣಗಿದ್ದನ್ನು ಕೆತ್ತಬಾರದು, ಪೂರ್ತಿ ನೆನೆಸಿ ತೆಗೆಯಬೇಕು. ಪೊರಕೆ ಮುಟ್ಟಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕೆಲಸದ ಬಟ್ಟೆ ಮನೆಗೆ ಒಯ್ದು ಹೆಂಡಿರ ಕೈಯಲ್ಲಿ ಕೊಡವಿಸಬಾರದು. ತೆಗೆದದ್ದನ್ನು ಒದ್ದೆ ಇರುವಾಗಲೇ ಚೀಲಕ್ಕೆ ಕಟ್ಟಿ ಆಳಕ್ಕೆ ಹೂಳಬೇಕು.

"ಕೆಮ್ಮಿಲ್ಲ ಅಂದ್ರೆ ಏನೂ ಆಗಿಲ್ಲ ಅಂತ ತಿಳೀಬೇಡಿ," ಎಂದರು ಕೊನೆಗೆ. "ಕೆಮ್ಮು ಬರೋ ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತೆ. ಇವತ್ತು ನಿಲ್ಲಿಸಿದವರು ಇವತ್ತಿನಿಂದ ಉಳಿದುಕೊಂಡ ಹಾಗೆ."

ಹರಿಹರದ ಸ್ಟೇಷನ್ನಿನ ಬೆಂಚಿನ ಮೇಲೆ ವಾಪಸು ರೈಲಿಗೆ ಕಾಯುತ್ತ ಕೂತಿದ್ದೆವು. ಮೇಸ್ತ್ರಿ ಎಲೆ ಅಡಿಕೆ ಮಡಿಸುತ್ತ ನನ್ನ ಮುಖ ನೋಡಿದ.

"ಅಲ್ಲಪಾ, ನಾನು ವರ್ಷಕ್ಕೊಮ್ಮೆ ಕೆತ್ತೋನು. ನಿಮ್ಮಕ್ಕ ಅದನ್ನ ವರ್ಷ ಪೂರ್ತಿ ಕುಟ್ಟಿ ಜರಡಿ ಹಿಡೀತಾಳಲ್ಲೋ."

ಮೇಸ್ತ್ರಿಯ ಆ ದುಂಡು ಬೆರಳುಗಳು ಅಕ್ಕನ ಕೈಗೆ ಬಂದಂತೆ ಕಣ್ಣಿಗೆ ಕಟ್ಟಿತು. ರೈಲು ಹೊರಟಾಗ ಹಿಂದೆ ಉಳಿದ ತುಂಗಭದ್ರೆಯ ಸೇತುವೆಯ ಕಡೆ ತಿರುಗಿ ಕೂಡ ನೋಡಲಿಲ್ಲ ನಾನು. ಆ ವರ್ಷ ಅಕ್ಕನ ಮನೆಗೆ ಬುಟ್ಟಿ ಹೋಗಬಾರದು, ಅವಳ ಒರಳು ನಿಲ್ಲಬೇಕು. ಅಷ್ಟೇ ತಲೆಯಲ್ಲಿತ್ತು.

ಗಿರಣಿಯ ಇಂಜಿನಿಯರ್ ಸಾಹೇಬರು ಒಳ್ಳೆಯ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿ, "ನೆನೆಸಿದ್ರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ರೀ?" ಎಂದರು. ಕೂಡಲೇ ಒರೆಸಿ, ಎಣ್ಣೆ ಬಟ್ಟೆ ಉಜ್ಜುತ್ತೇವೆ ಎಂದೆ. "ಇನ್‌ಸ್ಪೆಕ್ಟರು ಬರೋ ದಿನ ಮುಂದಕ್ಕೆ ಹೋಗಂಗಿಲ್ಲ, ನೆನಪಿಟ್ಕೊಳ್ಳಿ," ಎಂದು ಒಪ್ಪಿದರು. ಮೇಸ್ತ್ರಿಯನ್ನು ನೀರಿನ ಪಂಪ್ ಮನೆಗೆ ಹಾಕಿಸಿದೆ. ಕಾಂಪೌಂಡಿನ ಹಿಂದುಗಡೆ ಆಳವಾದ ಗುಂಡಿ ತೋಡಿಸಿದೆ. ಹರಿಹರದ ಡಾಕ್ಟರು ರಬ್ಬರಿನ ಮುಖವಾಡಗಳನ್ನು ಎರವಲು ಕೊಟ್ಟರು. ಅವನ್ನು ಹಾಕಿಕೊಂಡರೆ ತಂಬಾಕು ಉಗುಳುವುದು ಹೇಗೆ ಎಂಬುದೇ ನಮ್ಮವರ ದೊಡ್ಡ ಚಿಂತೆ. ಉಗುಳಬೇಡಿ, ಜಗಿಯಲೂ ಬೇಡಿ ಎಂದರೆ ಅವರಿಗೆ ನಾನು ಕಣ್ಣಲ್ಲಿ ರಕ್ತವಿಲ್ಲದ ಮನುಷ್ಯನಾಗಿ ಕಂಡೆ.

ಆದರೆ ಗೇಟಿನ ಹೊರಗಿನ ಸುದ್ದಿಯೇ ಬೇರೆ. ಈ ಸಲ ಬಾಯ್ಲರ್ ಮಣ್ಣು ಕೊಡುವುದಿಲ್ಲ, ಅದು ವಿಷ ಎಂದು ನಾನು ಹೇಳಿದ್ದೇ ತಡ, ಓಣಿಯಲ್ಲಿ ಗುಲ್ಲೆದ್ದಿತು. ಇವನು ಮೊನ್ನೆ ಹರಿಹರಕ್ಕೆ ಹೋಗಿದ್ದು ಯಾಕೆ? ಮಣ್ಣಿಗೆ ಗಿರಾಕಿ ಹುಡುಕಲಿಕ್ಕೆ! ಆ ಮಾತು ಅಕ್ಕನ ಕಿವಿಗೂ ಬಿತ್ತು. ಅವಳು ಭಟ್ಟಿಯ ಉರಿ ಬಿಟ್ಟು ನಡುಮಧ್ಯಾಹ್ನ ಗಿರಣಿ ಗೇಟಿಗೇ ಬಂದಳು, ಬಗಲಲ್ಲಿ ಬುಟ್ಟಿ.

"ಏನೋ, ಭಾರೀ ಮನುಷ್ಯ ಆದಿ! ಮಣ್ಣು ಮಾರ್ಕೊಂತೀಯಂತೆ?"

"ಅಕ್ಕ, ಆ ಮಣ್ಣು ಎದಿ ತಿಂತೈತೆ. ಮೇಸ್ತ್ರಿನ ನೋಡು."

"ಮೇಸ್ತ್ರಿ ಬೀಡಿ ಸೇದ್ತಾನೆ, ಕೆಮ್ಮತಾನೆ. ನಾನು ಇಷ್ಟು ವರ್ಷ ಕುಟ್ಟೀನಿ, ಒಮ್ಮೆನಾರ ಕೆಮ್ಮೀನೇನು?"

"ಈಗ ಕೆಮ್ಮಲ್ಲ. ಮುಂದೆ ಬರ್ತೈತೆ ಅಂತ ಡಾಕ್ಟ್ರು ಹೇಳ್ಯಾರೆ."

"ಮುಂದೆ ಮುದುಕಿ ಆಗ್ತೀನಿ, ಆವಾಗ ಕೆಮ್ಮಿದ್ರೆ ಕೆಮ್ಲಿ ಬಿಡು. ನನ್ನ ಬುಟ್ಟಿ ತುಂಬಿಸ್ತೀಯೋ ಇಲ್ಲೋ?"

"ಇಲ್ಲ."

"ಹಂಗಾದ್ರೆ ನಿನ್ನ ಮನಿ ಹೊಸ್ತಿಲು ನಾ ತುಳಿಯಂಗಿಲ್ಲ," ಎಂದು ಬುಟ್ಟಿಯನ್ನು ಗೇಟಿನ ಮುಂದೆಯೇ ಕುಕ್ಕಿ ಹೋದಳು. ವಾಚ್‌ಮನ್ ನನ್ನ ಕಡೆ ಕರುಣೆಯಿಂದ ನೋಡಿದ. ನನಗೆ ಸಿಟ್ಟು ಬಂತು, ಅಳುವೂ ಬಂತು.

ಗಿರಣಿ ನಿಂತ ದಿನ ಕೆಲಸ ಶುರುಮಾಡಿದೆವು. ಬಾಯ್ಲರ್ ತಣ್ಣಗಾದ ಮೇಲೆ ಮೇಲಿನಿಂದ ಪೈಪಿನಲ್ಲಿ ನೀರು ಬಿಟ್ಟೆವು. ಗಿಲಾವು ಒದ್ದೆಯಾಗಿ ಕಪ್ಪಿಟ್ಟಿತು. ಎಲ್ಲ ಸುಲಭವಾಯಿತು ಎಂದು ನಾನು ಮನಸ್ಸಿನಲ್ಲೇ ಬೀಗುತ್ತಿರುವಾಗ ಒಬ್ಬ ಕೆಲಸಗಾರ ಉಳಿ ಇಟ್ಟು ಹೊಡೆದ. ಮೇಲಿನ ಒಂದು ಪದರ ಮಾತ್ರ ಒದ್ದೆ, ಒಳಗೆಲ್ಲ ಖಟಿ ಒಣ! ಭಸ್ ಎಂದು ಬಿಳಿ ಧೂಳು ಎದ್ದು ಬಾಯ್ಲರ್ ಮನೆಯೆಲ್ಲ ತುಂಬಿತು. ಎಲ್ಲರನ್ನೂ ಹೊರಗೆ ಓಡಿಸಿದೆ. ನೀರನ್ನು ಇನ್ನೂ ಜೋರಾಗಿ ಬಿಟ್ಟು ನೋಡಿದೆವು, ಕೆಸವಿನ ಎಲೆಯ ಮೇಲಿನಿಂದ ಜಾರುವಂತೆ ಜಾರಿ ನೆಲಕ್ಕೆ ಹೋಯಿತು. ಸಂಜೆಯ ಹೊತ್ತಿಗೆ ನೆಲ ಕೆರೆಯಾಗಿತ್ತು, ಗಿಲಾವು ಮಾತ್ರ ಜಗ್ಗಿರಲಿಲ್ಲ.

ಇಂಜಿನಿಯರ್ ಸಾಹೇಬರು ಬಂದು ನೋಡಿದರು. "ಇನ್ಸ್‌ಪೆಕ್ಷನ್ ತಪ್ಪಿದ್ರೆ ಮಗ್ಗ ಎಲ್ಲ ನಿಲ್ತವೆ. ಈ ವರ್ಷ ಹಳೇ ಥರಾನೇ ಕೆತ್ತಿಬಿಡಿ, ಮುಂದಿನ ವರ್ಷ ನೋಡೋಣ," ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕೆಲಸಗಾರರೂ ಉಳಿ ಹಿಡಿದು ನನ್ನ ಬಾಯಿ ನೋಡುತ್ತಿದ್ದರು. ಆದರೆ ಒಣಗಿದ್ದನ್ನು ಕೆತ್ತಿದರೆ ಇವರಲ್ಲಿ ಯಾರು ಮುಂದಿನ ಮೇಸ್ತ್ರಿ? "ನಾಳೆ ಮಧ್ಯಾಹ್ನದ ತನಕ ಟೈಮ್ ಕೊಡ್ರಿ ಸಾರ್. ಅಲ್ಲೀತನಕ ಯಾರೂ ಉಳಿ ಮುಟ್ಟಂಗಿಲ್ಲ," ಎಂದುಬಿಟ್ಟೆ. ಹೇಳುವಾಗ ನನಗೆ ಉಪಾಯವೇನೂ ಹೊಳೆದಿರಲಿಲ್ಲ, ಬಾಯಿ ಮುಂದೆ ಓಡಿತ್ತು.

ತಲೆ ಕೆಟ್ಟು, ನೂಲು ಬಿಳುಪು ಮಾಡುವ ಬ್ಲೀಚಿಂಗ್ ಖಾತೆಯ ಕಡೆ ಹೋದೆ. ಅಲ್ಲಿ ನೂಲಿನ ಲಡಿಗಳನ್ನು ತೊಟ್ಟಿಯಲ್ಲಿ ನೆನೆಹಾಕುವ ಕೆಲಸ ನಡೆದಿತ್ತು. ಒಂದು ಲಡಿ ನೀರಿನ ಮೇಲೆ ಹಾಯಾಗಿ ತೇಲುತ್ತಿತ್ತು. ಅಲ್ಲಿ ಕೆಲಸ ಮಾಡಿಸುವ ಜಾಬರ್ ಒಂದು ಚೊಂಬು ಸೋಪಿನೆಣ್ಣೆ ಸುರಿದ. ಲಡಿ ಗುಳುಂ ಎಂದು ಮುಳುಗಿತು.

"ಇದೇನ್ರಿ ಇದು?" ಎಂದೆ.

"ಇಷ್ಟು ವರ್ಷ ಗಿರಣ್ಯಾಗ ಇದ್ದೀಯ, ಗೊತ್ತಿಲ್ಲೇನು? ಹಸಿ ಹತ್ತಿ ಬರೇ ನೀರು ಕುಡಿಯಂಗಿಲ್ಲಪಾ. ಸೋಪು ಸೇರಿಸಿದ್ರೆ ಕುಡೀತೈತೆ."

ಹತ್ತಿಯೂ ನಾರು, ಕಲ್ನಾರೂ ನಾರು! ಅವನನ್ನು ತಬ್ಬಿಕೊಂಡೆ. ಅವನು ಗಾಬರಿಯಾದ.

ಮರುದಿನ ಬೆಳಿಗ್ಗೆ ಡ್ರಮ್ಮಿನಲ್ಲಿ ಬೆಚ್ಚಗಿನ ಸೋಪಿನ ನೀರು ಕಲಸಿದೆವು. ಪೈಪಿನಲ್ಲಿ ಜೋರಾಗಿ ಬಿಡುವ ಬದಲು ಮೊದಲು ಗಿಲಾವಿನ ಮೇಲೆ ನಿಧಾನವಾಗಿ ಚಿಮುಕಿಸಿದೆವು. ಆಮೇಲೆ ಮುಖವಾಡ ಹಾಕಿಕೊಂಡು, ಒದ್ದೆಯಾದ ಜಾಗದಲ್ಲೇ ಸಣ್ಣ ಸರಳಿನಿಂದ ಮೆಲ್ಲಗೆ ತೂತು ಮಾಡಿ, ತೂತಿನೊಳಗೆ ಲಾಳಿಕೆ ಇಟ್ಟು ನೀರು ಹನಿಸಿದೆವು. ಪಂಪ್ ಮನೆಯ ಬಾಗಿಲಲ್ಲಿ ನಿಂತ ಮೇಸ್ತ್ರಿ ಅಲ್ಲಿಂದಲೇ ಕೂಗುತ್ತಿದ್ದ: "ಕೂಸಿಗೆ ಹಾಲು ಕುಡಿಸಿದಂಗೆ ಕುಡಿಸ್ರಲೇ! ಅವಸರ ಬ್ಯಾಡ!" ಕೂಗಿದ ಮೇಲೆ ಕೆಮ್ಮು ಬಂದು ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದ. ಸಾಹೇಬರಿಗೆ ಕೊಟ್ಟ ಗಡುವಿನ ಹೊತ್ತಿಗೆ ನಾನೇ ಕೈಯಾರೆ ಕರಣೆ ಹಾಕಿ ಮೀಟಿದೆ. ರಾಗಿ ಮುದ್ದೆಯ ಹಾಗೆ ಮೆತ್ತಗೆ ದೊಡ್ಡ ತುಂಡು ಕೈಗೆ ಬಂತು. ಒಂದು ಚೂರು ಧೂಳಿಲ್ಲ! ನಮ್ಮವರು ಮುಖವಾಡದೊಳಗೇ ಹೋ ಎಂದರು.

ಸಂಜೆಯೊಳಗೆ ಅರ್ಧ ಬಾಯ್ಲರ್ ಬೆತ್ತಲೆಯಾಗಿತ್ತು. ಮುದ್ದೆಗಳನ್ನು ಒದ್ದೆ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದು ಗುಂಡಿಗೆ ಇಳಿಸಿದೆವು. ಬಟ್ಟೆಗಳನ್ನು ಗಿರಣಿಯ ತೊಟ್ಟಿಯಲ್ಲೇ ಮುಳುಗಿಸಿ ಸ್ನಾನ ಮಾಡಿ ಮನೆಗೆ ಹೋದೆವು. ಇಂಜಿನಿಯರ್ ಸಾಹೇಬರು ಮೈಯೆಲ್ಲ ಸೋಪಿನ ಘಮ ಬರುತ್ತಿದ್ದ ಬಾಯ್ಲರನ್ನು ಮೂಸಿ, "ಮದುವೆಗೆ ರೆಡಿ ಮಾಡಿದಂಗಿದೆ," ಎಂದು ನಕ್ಕರು.

ಆದರೆ ಅಕ್ಕ? ಗುಂಡಿ ಮುಚ್ಚುವ ಮುಂಚೆ ಅವಳನ್ನು ಒಮ್ಮೆ ನೋಡಿ ಬರೋಣ ಎಂದು ಮರುದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಭಟ್ಟಿಗೆ ಹೋದೆ. ಓಣಿಯ ತಿರುವಿನಲ್ಲೇ ಒನಕೆಯ ಸದ್ದು ಕೇಳಿಸಿತು. ಓಡಿದೆ. ಹೋದ ವರ್ಷದ ಮಣ್ಣು ಮೂಲೆಯಲ್ಲಿ ಸ್ವಲ್ಪ ಉಳಿದಿತ್ತು, ನನ್ನ ಮೇಲಿನ ಹಟಕ್ಕೆ ಅದನ್ನೇ ಕುಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಜರಡಿ ಹಿಡಿಯುತ್ತ ಕೂತಿದ್ದಳು. ಬಾಗಿಲಲ್ಲೇ ನಿಂತು, "ಅಕ್ಕ, ಹೊರಗೆ ಬಾ!" ಎಂದು ಕಿರುಚಿದೆ. ಕೇಳಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಹರವಿಯ ನೀರಿಗೆ ಅದ್ದಿ ಮೂಗಿಗೆ ಕಟ್ಟಿಕೊಂಡು ಒಳಗೆ ನುಗ್ಗಿ ರಟ್ಟೆ ಹಿಡಿದು ಎಳೆದು ತಂದೆ. ಬೈಗಳಿಗೆ ಲೆಕ್ಕವಿರಲಿಲ್ಲ.

"ಧೂಳು ಎದ್ದೈತೆ, ಕೂಡ್ತೈತೆ! ಅದಕ್ಕ್ಯಾಕ ಹಿಂಗ್ ಆಡ್ತೀಯೋ?"

"ಕೂತ ಮ್ಯಾಲೆ ಹೋಗೀಯಂತೆ. ಅಲ್ಲೀತನಕ ಇಲ್ಲೇ ಕೂಡು."

ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂತಳು. ಸಿಟ್ಟು ಬಂದಿದ್ದರೂ ಪಕ್ಕದ ಮನೆಯಿಂದ ನನಗೆ ಚಹಾ ತರಿಸಿದಳು, ಅದು ಅವಳ ಸ್ವಭಾವ. ಚಹಾ ಮುಗಿಯಿತು. ಒಬ್ಬ ಗಿರಾಕಿ ಬಂದು ಮಾತಾಡಿ ಹೋದ. ಅಕ್ಕ ಎದ್ದು ಬಾಗಿಲಿಂದ ಇಣುಕಿದಳು.

ಭಟ್ಟಿಯ ಮಾಡಿನಲ್ಲಿ ಒಂದು ಹೆಂಚು ಒಡೆದಿತ್ತು. ಅದರೊಳಗಿಂದ ಬಿಸಿಲಿನ ಕೋಲು ಓರೆಯಾಗಿ ಇಳಿದಿತ್ತು. ಆ ಬಿಸಿಲಿನೊಳಗೆ ಸಣ್ಣ ಸಣ್ಣ ಎಳೆಗಳು ಮಿಣಮಿಣ ಎನ್ನುತ್ತ ತಿರುಗುತ್ತಲೇ ಇದ್ದವು. ಭಟ್ಟಿಯ ಬೂದಿ ಯಾವಾಗಲೋ ಕೂತಿತ್ತು. ಇವು ಕೂತಿರಲಿಲ್ಲ.

"ಇವು ಕೆಳಗೇ ಬೀಳಂಗಿಲ್ಲೇನೋ?" ಅಕ್ಕನ ದನಿ ಇಳಿದಿತ್ತು.

"ಬೀಳ್ತಾವೆ ಅಕ್ಕ, ನಿಧಾನಕ್ಕೆ. ಎಲ್ಲಿ ಬೀಳ್ತಾವೆ ನೋಡು."

ಬಿಸಿಲಿನ ಕೋಲು ಹೋಗಿ ನಿಂತದ್ದು ಬೆಳಿಗ್ಗೆ ಹುರಿದಿಟ್ಟ ಮಂಡಕ್ಕಿಯ ರಾಶಿಯ ಮೇಲೆ. ತಿಂದರೆ ಏನಾಗುತ್ತದೆಂದು ಡಾಕ್ಟರು ನನಗೆ ಹೇಳಿರಲಿಲ್ಲ, ಅವರು ಆಡಿದ್ದು ಉಸಿರಿನ ಮಾತು. ಅಕ್ಕನಿಗೆ ಆ ವ್ಯತ್ಯಾಸ ಬೇಕಾಗಿರಲಿಲ್ಲ. ತನ್ನ ಎದೆಯ ಮಾತು ಎತ್ತಿದಾಗ ಮುದುಕಿ ಆದ ಮೇಲೆ ನೋಡೋಣ ಎಂದವಳು, ಮಂಡಕ್ಕಿಯ ರಾಶಿ ನೋಡಿ ಕಣ್ಣೊರೆಸಿಕೊಂಡಳು.

"ಊರ ಮಂದಿ ನನ್ನ ಮಂಡಕ್ಕಿ ಕಣ್ಮುಚ್ಚಿ ತಿಂತಾರೋ. ಕೂಸುಗಳು ತಿಂತಾವೆ."

"ಹೂಂ."

"ಏನ್ ನಿಂತ್ಕೊಂಡು ಹೂಂ ಅಂತೀಯ? ಏನ್ ಮಾಡ್ಬೇಕು, ಅದನ್ನ ಹೇಳು!"

ಪೊರಕೆಗೆ ಕೈ ಹಾಕಿದವಳನ್ನು ತಡೆದೆ. ಹೊರಗಿನಿಂದಲೇ ಸೋಪಿನ ನೀರು ಚಿಮುಕಿಸಿದೆವು. ಕಾದು, ಮೂಗಿಗೆ ಬಟ್ಟೆ ಕಟ್ಟಿ, ರಾಶಿಯನ್ನೂ ಉಳಿದ ಮಣ್ಣನ್ನೂ ಪೂರ್ತಿ ನೆನೆಸಿ ಚೀಲಕ್ಕೆ ತುಂಬಿದೆವು. ನೆಲ, ಗೋಡೆ, ಜರಡಿ ಎಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಆ ದಿನದ ಮಂಡಕ್ಕಿ ಪೂರ್ತಿ ಗುಂಡಿಗೆ ಹೋಯಿತು. ಒಂದು ಕಾಳು ನೆಲಕ್ಕೆ ಬಿದ್ದರೂ ಎತ್ತಿ ಹಕ್ಕಿಗೆ ಹಾಕುವ ಅಕ್ಕ ಇಡೀ ರಾಶಿಯನ್ನು ಚೆಲ್ಲಿದಳು ಎಂಬ ಸುದ್ದಿ ಓಣಿಯಲ್ಲಿ ನನ್ನ ಯಾವ ಭಾಷಣವೂ ಮಾಡದ ಕೆಲಸ ಮಾಡಿತು.

ಮರುದಿನ ಬೆಳಿಗ್ಗೆ ವಾಚ್‌ಮನ್ ಓಡಿ ಬಂದ. "ಸಾರ್, ಗೇಟಿಗೆ ಹೆಂಗಸ್ರು ಬಂದಾರೆ. ಬುಟ್ಟಿ ತಂದಾರೆ. ಮುಂದೆ ನಿಮ್ಮಕ್ಕಾರು!" ಮುಗಿಯಿತು ನನ್ನ ಕಥೆ ಎಂದುಕೊಂಡು ಹೋದೆ. ಸಾಲು ನಿಂತಿತ್ತು ನಿಜ. ಆದರೆ ಬುಟ್ಟಿಗಳು ಖಾಲಿ ಇರಲಿಲ್ಲ. ಮೂಲೆ ಮೂಲೆಯ ಗಡಿಗೆಗಳಲ್ಲಿ ಉಳಿದಿದ್ದ ಹಳೆಯ ಬಾಯ್ಲರ್ ಮಣ್ಣನ್ನೆಲ್ಲ ನೀರಲ್ಲಿ ಕಲಸಿ, ಮೇಲೆ ಒದ್ದೆ ಗೋಣಿ ಮುಚ್ಚಿಕೊಂಡು ತಂದಿದ್ದರು.

"ತಗಳಪಾ ನಿನ್ನ ಮಣ್ಣು," ಎಂದಳು ಅಕ್ಕ. "ಹರಿಹರದಾಗ ಮಾರ್ಕೋ."

ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ಆಗಲೇ ಮೆತ್ತಿದ್ದ ಒಲೆಗಳನ್ನು ಒಡೆಯಬೇಡಿ, ಒಡೆದರೆ ಧೂಳು, ಮೇಲೆ ದಪ್ಪಗೆ ಬೇರೆ ಮಣ್ಣು ಮೆತ್ತಿಬಿಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದನ್ನು ತಿಳಿಸಿದೆ. ಅದಕ್ಕೆ ಅಕ್ಕನೇ ಹದ ಕಂಡುಹಿಡಿದಳು. ಮಾಯಕೊಂಡದ ಕಡೆಯಿಂದ ತರಿಸಿದ ಹುತ್ತದ ಮಣ್ಣು, ಭಟ್ಟಿಯಲ್ಲಿ ಬೇಕಾದಷ್ಟು ಬೀಳುವ ಹೊಟ್ಟಿನ ಬೂದಿ, ಕತ್ತರಿಸಿದ ಸೆಣಬು. ಮೊದಲ ಸಲ ಬಿರುಕು ಬಿಟ್ಟಿತು, ಮಣ್ಣಿಗೂ ನನಗೂ ಸೇರಿಸಿ ಬೈದಳು. ಬೂದಿಯನ್ನೂ ನೆನೆಸಿಯೇ ಕಲಸು ಎಂದು ನಾನು ಹೇಳಿದ್ದಕ್ಕೆ, "ಈಗ ಅದನ್ನೂ ನೀ ಕಲಿಸ್ತೀಯೇನು?" ಎಂದಳು, ಆದರೆ ನೆನೆಸಿದಳು.

ಪರೀಕ್ಷೆ ಮುಗಿಯಿತು. ಬಾಯ್ಲರ್ ಮೈಗೆ ಆಗ ಬೇರೆ ದಾರಿಯಿರಲಿಲ್ಲ, ಕಲ್ನಾರನ್ನೇ ಮೆತ್ತಿದೆವು. ಆದರೆ ಚೀಲವನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಒಳಗೇ ಬಾಯಿ ಬಿಚ್ಚಿ ಕಲಸಿದೆವು. ಒಣಗಿದ ಮೇಲೆ ಹೊರಗೆ ಬಟ್ಟೆ ಸುತ್ತಿ ಬಣ್ಣ ಹೊಡೆದೆವು. ಅಷ್ಟೇನೂ ಕಾಯದ ನೀರಿನ ತೊಟ್ಟಿಗೆ ಮಾತ್ರ ಇಂಜಿನಿಯರ್ ಸಾಹೇಬರ ಅಪ್ಪಣೆ ಪಡೆದು ಅಕ್ಕನ ಮಣ್ಣು ಮೆತ್ತಿದೆವು.

ಉಗಿ ಏರಿಸುವ ದಿನ ಅಕ್ಕ ತನ್ನ ಮಣ್ಣು ಹೇಗಿದೆ ನೋಡಲು ಬಂದಳು, ಸೊಂಟದ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ. ಪಂಪ್ ಮನೆಯಿಂದ ಮೇಸ್ತ್ರಿಯನ್ನೂ ಕರೆಸಿದೆ. ಅವನು ನಿಧಾನವಾಗಿ, ನಡುನಡುವೆ ನಿಂತು ಬಂದ. ಬಾಯ್ಲರ್ ಮನೆಯ ಎತ್ತರದ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಮೇಸ್ತ್ರಿ ಅದನ್ನೇ ನೋಡುತ್ತ ನಿಂತ.

"ಈ ಬಿಸಿಲು ಖಾಲಿ ಇರೋದು ನಾ ಕೆಲಸಕ್ಕೆ ಸೇರಿದಾಗ್ನಿಂದ ನೋಡಿಲ್ಲಪಾ," ಎಂದ.

ಅವನ ಎದೆಯೊಳಗಿದ್ದದ್ದನ್ನು ಯಾವ ಸೋಪಿನ ನೀರೂ ತೆಗೆಯುವಂತಿರಲಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಕ್ಕ ತನ್ನ ಮಣ್ಣಿನ ಕಡೆಗೆ ಹೋಗಲಿಲ್ಲ. ಬಿಸಿಲಿನ ಹತ್ತಿರ ಹೋಗಿ ಒಳಗೆ ಕೈಯಾಡಿಸಿ, ಕಣ್ಣು ಕಿರಿದು ಮಾಡಿ ಮೇಲಿಂದ ಕೆಳಗಿನ ತನಕ ನೋಡಿದಳು. ಇನ್ನೊಮ್ಮೆ ನೋಡಿದಳು. ಸೀನಿದವರನ್ನೂ ಹತ್ತಿರ ಬಿಡದವಳು, ಆ ಬಿಸಿಲಿನ ನಡುವೆಯೇ ಬುಟ್ಟಿ ಇಳಿಸಿ ಮೇಲಿನ ಬಟ್ಟೆ ತೆಗೆದಳು. ಬುಟ್ಟಿ ತುಂಬ ಬೆಳ್ಳನೆಯ ಮಂಡಕ್ಕಿ.

"ಬರ್ರಿ, ಕೂಡ್ರಿ, ತಿನ್ರಿ," ಎಂದಳು.

ಮೊದಲ ಹಿಡಿ ಮೇಸ್ತ್ರಿಗೆ ಕೊಟ್ಟಳು. ಅವನು ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡು, "ಉಪ್ಪು ಸ್ವಲ್ಪ ಮುಂದಾತು," ಎಂದ. ಅಕ್ಕ ಅವನ ಏಳು ತಲೆಮಾರಿನಿಂದ ಶುರುಮಾಡಿದಳು.